ಗುದ್ದಿದ ಕಾರಿಗೆ ವಿಮೆ ಹಣದಲ್ಲಿ ರಿಪೇರಿ ಮಾಡಿಸುವುದು ಹೇಗೆ?

ಹೋದ ಮಳೆಗಾಲದಲ್ಲಿ ತುಮಕೂರು ರಸ್ತೆಯಲ್ಲಿ ಹೋಗುತ್ತಿದ್ದಾಗ ಮುಂದಿದ್ದ ಕ್ಯಾಂಟರ್ ಗಕ್ಕನೆ ನಿಂತಿತು. ಬ್ರೇಕ್ ಒತ್ತಿದೆ. ಕಾರು ಜಾರಿಕೊಂಡು ಹೋಗಿ ಅದರ ಹಿಂಬದಿಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬಗ್ಗಿ ನೋಡಿದರೆ ಬಂಪರ್ ಕೆಳಗಿನಿಂದ ಹಸಿರು ಕೂಲೆಂಟ್ ತೊಟ್ಟಿಕ್ಕುತ್ತಿತ್ತು. "ಏನಾಗಲ್ಲ ಸಾರ್, ನಿಧಾನಕ್ಕೆ ಓಡಿಸ್ಕೊಂಡು ಹೋಗಿ" ಎಂದರು ಸುತ್ತ ಸೇರಿದವರು. ನಾನು ಓಡಿಸಲಿಲ್ಲ.

ಮೊದಲ ಪಾಠ ಇದೇ. ಕೂಲೆಂಟ್ ಅಥವಾ ಆಯಿಲ್ ಸೋರುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಗುದ್ದಿದ ಗಾಡಿಯನ್ನು ಹಾಗೇ ಓಡಿಸಿ ಎಂಜಿನ್ ಸೀಜ್ ಆದರೆ ಆ ಖರ್ಚು ನಿಮ್ಮದೇ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಟೋಯಿಂಗ್ ಗಾಡಿ ಕರೆಸಿ, ರಸೀದಿ ಇಟ್ಟುಕೊಳ್ಳಿ. ಮಾಮೂಲಿ ಪಾಲಿಸಿಯಲ್ಲಿ ಎಳೆದೊಯ್ಯುವ ಖರ್ಚಿಗೆ 1,500 ರೂಪಾಯಿವರೆಗೆ ಸಿಗುತ್ತದೆ.

ಯಾರಿಗಾದರೂ ಗಾಯವಾಗಿದ್ದರೆ ಮಾತ್ರ ಕಾರಿನ ಚಿಂತೆ ಆಮೇಲೆ. 108ಕ್ಕೆ ಫೋನ್ ಮಾಡಿ, ಪೊಲೀಸರಿಗೆ ತಿಳಿಸಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಕಾನೂನುಬದ್ಧ ಕರ್ತವ್ಯ.

ಗಾಡಿ ಅಲುಗಿಸುವ ಮುಂಚೆ ಫೋಟೊ ತೆಗೆಯಿರಿ. ನಾಲ್ಕೂ ಕಡೆಯಿಂದ, ಎರಡೂ ಗಾಡಿಗಳ ನಂಬರ್ ಪ್ಲೇಟ್ ಕಾಣುವ ಹಾಗೆ. ಅವತ್ತೇ ವಿಮಾ ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಆರ್‌ಸಿ, ಡಿಎಲ್, ಪಾಲಿಸಿ ಪ್ರತಿ ಸಿದ್ಧವಿರಲಿ.

ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ನಿಮ್ಮ ಕಾರಿನ ರಿಪೇರಿಗೆ ನಿಮ್ಮ ಕಂಪನಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ತಪ್ಪು ಎದುರಿನವರದ್ದಾದರೆ ಅವರ ವಿಮೆಯಿಂದ ಕೇಳಬಹುದು, ಆದರೆ ಅದಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಸ್ವಂತ ಹಾನಿಯ ರಕ್ಷಣೆಯೂ ಸೇರಿದ ಪಾಲಿಸಿ ಇದ್ದರಷ್ಟೇ ಮುಂದಿನ ಮಾತು.

ಬಂಪರ್ ಬಿಚ್ಚುವ ದಿನ ನೀವು ಅಲ್ಲಿರಿ

ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಾದರೆ ಕ್ಯಾಶ್‌ಲೆಸ್. ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೆ ಕೊಡುತ್ತದೆ, ನೀವು ಉಳಿದದ್ದನ್ನು ಕಟ್ಟಿದರೆ ಸಾಕು. ಬೇರೆ ಕಡೆ ಮಾಡಿಸಿದರೆ ಮೊದಲು ಪೂರ್ತಿ ಕಟ್ಟಿ, ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು.

ಗ್ಯಾರೇಜಿನವರು ಎಸ್ಟಿಮೇಟ್ ಹಾಕುತ್ತಾರೆ, ಹಾನಿ ಎಷ್ಟೆಂದು ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುತ್ತಾರೆ. ಅವರು ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸರ್ವೇಯರ್ ಮೊದಲ ಸಲ ನೋಡುವುದು ಬರೀ ಹೊರಗಿನ ಪೆಟ್ಟು. ಒಳಗಿನದ್ದು ಕಾಣುವುದು ಬಿಚ್ಚಿದಾಗಲೇ.

ನನ್ನ ಕಾರಿನ ಬಲಗಡೆ ಹೆಡ್‌ಲೈಟ್‌ಗೆ ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಬಂಪರ್ ಕಳಚಿದಾಗ ನೋಡಿದರೆ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿ ಬುಡದಲ್ಲೇ ಮುರಿದಿತ್ತು. ಕೈಯಲ್ಲಿ ಮುಟ್ಟಿದರೆ ಇಡೀ ಲೈಟ್ ಅಲ್ಲಾಡುತ್ತಿತ್ತು. ಎಸಿ ಕಂಡೆನ್ಸರ್ ಕೂಡ ಒಳಕ್ಕೆ ಬಗ್ಗಿತ್ತು. ಎರಡೂ ಮೊದಲ ಎಸ್ಟಿಮೇಟ್‌ನಲ್ಲಿ ಇರಲಿಲ್ಲ. ಪೂರಕ ಎಸ್ಟಿಮೇಟ್ ಹಾಕಿಸಿದೆ, ಸರ್ವೇಯರ್ ಮತ್ತೆ ಬಂದು ಫೋಟೊ ತೆಗೆದು ಒಪ್ಪಿದರು. ನಾನು ಅಲ್ಲಿಲ್ಲದಿದ್ದರೆ ಆ ಲೈಟನ್ನು ಅಂಟು ಹಚ್ಚಿ ಕೂರಿಸಿಬಿಡುತ್ತಿದ್ದರೋ ಏನೋ. ಮುರಿದ ಭಾಗಗಳನ್ನು ಸರ್ವೇಯರ್ ನೋಡುವ ತನಕ ಎಸೆಯಬಾರದು. ಬದಲಿಸಿದ ಹಳೇ ಭಾಗ ಸಾಮಾನ್ಯವಾಗಿ ಕಂಪನಿಗೇ ಸೇರುತ್ತದೆ.

ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು?

"ವಿಮೆ ಇದೆ, ಎಲ್ಲ ಅವರೇ ಕೊಡ್ತಾರೆ" ಎಂದುಕೊಂಡು ಹೋದವರಿಗೆ ಇಲ್ಲಿ ಬೇಸರವಾಗುತ್ತದೆ. ಭಾಗ ಹಳೆಯದಾದಷ್ಟೂ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50%. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡುತ್ತಾರೆ: 6 ತಿಂಗಳ ತನಕ ಕಡಿತವಿಲ್ಲ, ಮೂರರಿಂದ ನಾಲ್ಕು ವರ್ಷಕ್ಕೆ 25%, 10 ವರ್ಷ ದಾಟಿದರೆ 50%.

ಮೂರೂವರೆ ವರ್ಷದ ಕಾರು ಎಂದುಕೊಳ್ಳಿ. ಬಂಪರ್ 8,000 ಆದರೆ ನಿಮ್ಮ ಪಾಲು 4,000. ಬಾನೆಟ್ 12,000 ಆದರೆ 3,000. ಮುಂದಿನ ಗಾಜು ಎಷ್ಟೇ ಆದರೂ ಸವಕಳಿ ಸೊನ್ನೆ. ಪೇಂಟಿಂಗ್ ಒಟ್ಟು 8,000 ಆದರೆ ಅದರಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು, ಅದರ ಅರ್ಧ ಕಳೆಯುತ್ತಾರೆ: 1,000. ಇದರ ಮೇಲೆ ಪ್ರತಿ ಕ್ಲೇಮಿಗೂ ಕಡ್ಡಾಯ ಕಡಿತ ಇದೆ, 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ. ಜಿಎಸ್‌ಟಿ ಬದಿಗಿಟ್ಟರೂ 9,000 ನಿಮ್ಮ ಕೈಯಿಂದ ಹೋಯಿತು. ಜೀರೋ ಡೆಪ್ ಎನ್ನುವ ಆ್ಯಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ಇದ್ದರೆ ಈ ಸವಕಳಿ ಕಡಿತ ಇರುವುದಿಲ್ಲ, ಕಡ್ಡಾಯ ಕಡಿತ ಮಾತ್ರ ಉಳಿಯುತ್ತದೆ. ನಟ್ಟು ಬೋಲ್ಟು, ಆಯಿಲ್, ಕೂಲೆಂಟ್ ಮಾತ್ರ ಬೇರೆ ಲೆಕ್ಕ. ಅದಕ್ಕೆ ಪ್ರತ್ಯೇಕ ಆ್ಯಡ್-ಆನ್ ಬೇಕು.

ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಲೇಮಿಲ್ಲದೆ ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20 ಪ್ರತಿಶತದಿಂದ ಶುರುವಾಗುವ ಬೋನಸ್, ಅಂದರೆ ರಿಯಾಯಿತಿ, 50ರ ತನಕ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಅಷ್ಟೂ ಸೊನ್ನೆ. 4,000 ರೂಪಾಯಿ ಕೆಲಸಕ್ಕೆ ಆ ಬೋನಸ್ ಕಳೆದುಕೊಳ್ಳುವುದು ನಷ್ಟ, ಅಲ್ವಾ? ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದರೆ ವಿಮೆ ಮಾಡಿಸಿದ ಮೌಲ್ಯದ, 75% ದಾಟಿದರೆ ರಿಪೇರಿಯ ಮಾತೇ ಇಲ್ಲ, ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ.

ಕಂಪನಿ ಏನನ್ನಾದರೂ ತಿರಸ್ಕರಿಸಿದರೆ ಸುಮ್ನೆ ಜಗಳವಾಡಬೇಡಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರಿದ್ದಾರೆ, ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಕಾರು ಸಿದ್ಧ ಎಂದು ಫೋನ್ ಬಂದಾಗ ಸಂಜೆ ಹೋಗಬೇಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಗ್ಗೆ ಹೋಗಿ, ಬಿಸಿಲಿಗೆ ತಂದು ನಿಲ್ಲಿಸಿ ನೋಡಿ. ಎಸಿ ಹಾಕಿ, ಹೆಡ್‌ಲೈಟ್ ಗೋಡೆಗೆ ಬಿಟ್ಟು ಎರಡೂ ಒಂದೇ ಎತ್ತರಕ್ಕೆ ಬೀಳುತ್ತದಾ ನೋಡಿ. ನನ್ನ ಕಾರಿನ ಬಾನೆಟ್ ಬಲಗಡೆ ಸಂದು ಎಡಕ್ಕಿಂತ ಜಾಸ್ತಿ ಇತ್ತು, ಬೆರಳ ತುದಿ ಹೋಗುತ್ತಿತ್ತು. ಹೇಳಿದೆ. ಹಿಂಜ್ ಸಡಿಲಿಸಿ ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ಆಮೇಲೇ "ಕೆಲಸ ತೃಪ್ತಿಯಾಗಿದೆ" ಎನ್ನುವ ಕಾಗದಕ್ಕೆ ಸಹಿ ಹಾಕಿದೆ.