ಎರೆ ನೆಲದ ಮೇಲೆ ನಮ್ಮ ಮನೆ

ಹುಬ್ಬಳ್ಳಿಯ ಕುಸುಗಲ್ ರಸ್ತೆ ಕಡೆ ನಾವು ಮನೆ ಕಟ್ಟಿಸಿ ಈಗ ಮೂರನೇ ವರ್ಷ. ನೋಡಲು ಬಂದವರು ಅಡುಗೆಮನೆ ನೋಡುತ್ತಾರೆ, ದೇವರಮನೆ ನೋಡುತ್ತಾರೆ, ಟೈಲ್ಸ್ ಎಲ್ಲಿ ತಂದಿರಿ ಅಂತ ಕೇಳುತ್ತಾರೆ. ಆದರೆ ನಮ್ಮ ದುಡ್ಡು ಜಾಸ್ತಿ ಹೋಗಿದ್ದು, ನಾವು ನಿದ್ದೆಗೆಟ್ಟಿದ್ದು ನೆಲದ ಕೆಳಗಿನ ಕೆಲಸಕ್ಕೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಭಾಗದಲ್ಲಿ ಎರೆ ಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ, ಸೈಟ್ ತಗೊಂಡು ಮನೆ ಕಟ್ಟಿಸುವವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾವಿದ್ದ ಬಾಡಿಗೆ ಮನೆಯ ಮಾತು ಹೇಳಬೇಕು. ಅದೂ ಎರೆ ನೆಲದ ಮೇಲಿನ ಮನೆಯೇ. ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ನೆಲದ ತನಕ ಓರೆಯಾಗಿ ಒಂದು ಬಿರುಕು ಇತ್ತು. ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಸೆಪ್ಟೆಂಬರ್ ಬಂದರೆ ಕಾಗದದ ತುದಿ ಕೂಡ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ಬಚ್ಚಲಮನೆ ಬಾಗಿಲು ಬಿಗಿದುಕೊಂಡು ಭುಜ ಕೊಟ್ಟು ತಳ್ಳಬೇಕಾಗುತ್ತಿತ್ತು. ಮನೆ ಮಾಲೀಕರು ಪ್ರತಿ ವರ್ಷ ಆ ಬಿರುಕಿಗೆ ಸಿಮೆಂಟ್ ಮೆತ್ತಿಸಿ ಬಣ್ಣ ಹಚ್ಚಿಸುತ್ತಿದ್ದರು. ಬೇಸಿಗೆ ಬಂದರೆ ಮತ್ತೆ ಅದೇ ಜಾಗದಲ್ಲಿ ಗೆರೆ ಕಾಣಿಸುತ್ತಿತ್ತು.

ನಮ್ಮ ಅತ್ತೆಗೆ ಇದೆಲ್ಲ ಹೊಸದಲ್ಲ. ಅವರ ತವರು ನವಲಗುಂದದ ಕಡೆ ಒಂದು ಹಳ್ಳಿ. ಧಾರವಾಡದ ಸುತ್ತ ಕೆಂಪು ಮಣ್ಣು ಸಿಗುತ್ತದೆ. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗ ಅಂತ ಹೊರಟರೆ ಕಣ್ಣು ಹರಿದಷ್ಟು ದೂರ ಕಪ್ಪು ಹೊಲ. ಹತ್ತಿ, ಕಡಲೆ, ಬಿಳಿಜೋಳಕ್ಕೆ ಅಂಥ ನೆಲ ಬೇರೆ ಇಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. "ಬ್ಯಾಸಗ್ಯಾಗ ಎರಿ ಹೊಲ ಬಾಯಿ ಬಿಡತೈತಿ, ಮೊಳಕೈ ಮಟ ಕೈ ಹೋಗತೈತಿ. ಅಂಥಾ ಮಣ್ಣಿನ ಮ್ಯಾಲ ಮನಿ ನಿಂದ್ರಬೇಕಂದ್ರ ಪಾಯಾ ಗಟ್ಟಿ ಇರಬೇಕವಾ" ಅಂತ ಸೈಟ್ ನೋಡಿದ ದಿನವೇ ಅತ್ತೆ ಹೇಳಿದ್ದರು.

ನಮ್ಮದು 30x40 ಸೈಟ್. ಪ್ಲಾನ್ ಮಂಜೂರಿ, ಬ್ಯಾಂಕ್ ಸಾಲ, ಹೆಸ್ಕಾಂನ ತಾತ್ಕಾಲಿಕ ಕರೆಂಟ್, ಇವೆಲ್ಲ ಎಲ್ಲರಿಗೂ ಇರುವ ಓಡಾಟವೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಾವು ಮೊದಲು ಮಾತಾಡಿಸಿದ ಕಾಂಟ್ರಾಕ್ಟರ್ ಸೈಟಿಗೆ ಬಂದು, ಗಾಡಿಯಿಂದ ಇಳಿಯದೆಯೇ "4 ಫೂಟ್ ಸಾಕ್ರಿ, ಇಲ್ಲೆ ಎಲ್ಲಾರೂ ಅಷ್ಟ ತಗಸ್ತಾರ" ಅಂದರು. ಇಂಜಿನಿಯರ್ ಡ್ರಾಯಿಂಗ್ ಬೇಕಲ್ವಾ ಅಂದೆ. ಒಂದು ಅಂತಸ್ತಿನ ಮನೆಗೆ ಅದೆಲ್ಲ ಸುಮ್ನೆ ಖರ್ಚು ಅಂದರು. ನಮ್ಮವರಿಗೂ ಹೌದು ಅನ್ನಿಸಿತ್ತು, ಯಾಕೆಂದರೆ ಅವರು ಹೇಳಿದ ರೇಟು ನಮ್ಮ ಸಾಲದೊಳಗೆ ಸರಿಯಾಗಿ ಕೂರುತ್ತಿತ್ತು.

ಅತ್ತೆ ಒಪ್ಪಲಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡ ಕುಸಿದು 19 ಜನ ತೀರಿಕೊಂಡರಲ್ಲ, ಆ ದಿನಗಳಲ್ಲಿ ಅತ್ತೆ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಅವಶೇಷದಿಂದ ಒಬ್ಬೊಬ್ಬರನ್ನು ಹೊರಗೆ ತೆಗೆದಾಗಲೂ ಕೈ ಮುಗಿಯುತ್ತಿದ್ದರು. "ಅಡಗಿಮನಿ ಕಟ್ಟಿಗೆ ಕಡಪಾ ಕಲ್ಲು ಹಾಕ್ರಿ ನಡೀತೈತಿ. ಆದ್ರ ಇಂಜಿನಿಯರ್‍ನ್ನ ಬಿಡಬ್ಯಾಡ್ರಿ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ನಮಗೆ ಸಿಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಮೊದಲು ಮಾಡಿಸಿದ ಕೆಲಸ ಮೂರು ಮೂಲೆಯಲ್ಲಿ ಗುಂಡಿ. ಜೆಸಿಬಿ ಒಂದು ಗಂಟೆಯಲ್ಲಿ ಮುಗಿಸಿತು. ಗುಂಡಿಯ ಗೋಡೆ ನೋಡಿದರೆ ಪದರ ಪದರವಾಗಿ ಕಾಣುತ್ತಿತ್ತು. ಮೇಲೆ ಕಡುಗಪ್ಪು, ಕೆಳಗೆ ಬಿಳಿ ಸುಣ್ಣದ ಹರಳು ಬೆರೆತ ಬೂದು ಮಣ್ಣು, ಅದರ ಕೆಳಗೆ ಹಳದಿ ಗರಸು, ಅಂದರೆ ಎರೆಯ ಹಾಗೆ ಉಬ್ಬದ, ಹರಳು ಬೆರೆತ ಗಟ್ಟಿ ಮಣ್ಣು. ರಸ್ತೆ ಕಡೆ ಗಟ್ಟಿ ಗರಸು 7 ಅಡಿಗೇ ಸಿಕ್ಕಿತು. ಹಿಂದಿನ ಮೂಲೆಯಲ್ಲಿ ಹತ್ತೂವರೆ ಅಡಿ ಹೋಗಬೇಕಾಯಿತು. ಒಂದೇ ಸೈಟಿನಲ್ಲಿ ಇಷ್ಟು ಫರಕು! 4 ಅಡಿಗೆ ನಿಲ್ಲಿಸಿದ್ದರೆ ಎಲ್ಲಾ ಕಾಲಂಗಳೂ ಕಪ್ಪು ಮಣ್ಣಿನ ಮೇಲೆಯೇ ನಿಲ್ಲುತ್ತಿದ್ದವು.

ಇಂಜಿನಿಯರ್ ಎರಡು ದಾರಿ ಹೇಳಿದರು. ಗರಸು ಸಿಗದಷ್ಟು ಆಳಕ್ಕೆ ಎರೆ ಮಣ್ಣು ಇದ್ದರೆ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ. ನೆಲದೊಳಗೆ ಕಂಬದಂತೆ ರಂಧ್ರ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಮಣ್ಣು ಉಬ್ಬಿದರೂ ಆ ಗಡ್ಡೆ ಕಂಬವನ್ನು ಮೇಲೇಳಲು ಬಿಡುವುದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿದ ಪದ್ಧತಿಯಂತೆ ಅದು. ನಮ್ಮಲ್ಲಿ ಗರಸು ಕೈಗೆ ಸಿಗುವ ಆಳದಲ್ಲೇ ಇದ್ದುದರಿಂದ ಪ್ರತಿ ಕಾಲಂ ಅನ್ನೂ ಗರಸಿನ ತನಕ ಇಳಿಸಿ, ಅಲ್ಲಿ ಫೂಟಿಂಗ್ (ಕಾಲಂ ನಿಲ್ಲುವ ಅಗಲವಾದ ಕಾಂಕ್ರೀಟ್ ತಳ) ಹಾಕುವುದು ಅಂತ ತೀರ್ಮಾನ ಆಯಿತು. ಪಾಯಕ್ಕೆ ಅಂತ ನಾವಿಟ್ಟಿದ್ದು 4 ಲಕ್ಷ. ಮುಗಿಯುವಾಗ 6 ಲಕ್ಷ 70 ಸಾವಿರ ಆಗಿತ್ತು. ಫಾಲ್ಸ್ ಸೀಲಿಂಗ್ ಬಿಟ್ಟೆವು, ಮಾಡ್ಯುಲರ್ ಅಡುಗೆಮನೆ ಬಿಟ್ಟೆವು. ಅಡುಗೆ ಕಟ್ಟೆಗೆ ಕಡಪಾ ಕಲ್ಲೇ ಬಂತು.

ಕೆಲಸ ಶುರುವಾಗಿದ್ದು ಮಾರ್ಚ್ ಕೊನೆಗೆ. ಅದು ನಮ್ಮ ತಪ್ಪು. ಜನವರಿಯಲ್ಲೇ ಗುದ್ದಲಿ ಪೂಜೆ ಮಾಡಿ ಪಾಯ ಮುಗಿಸಬೇಕಿತ್ತು. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಸಿಡಿಲಿನ ಅಡ್ಡ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ಎರಡು ಗುಂಡಿಗಳ ಬದಿ ಕುಸಿದು, ಕಟ್ಟಿಟ್ಟ ಕಬ್ಬಿಣದ ಜಾಳಿಗೆಯ ಮೇಲೆ ಕೆಸರು ಕೂತಿತ್ತು. ಚಪ್ಪಲಿ ಹೂತು ಕಾಲು ಮಾತ್ರ ಮೇಲೆ ಬರುತ್ತಿತ್ತು. ಎರೆ ಕೆಸರು ಅಂದರೆ ಗೋಂದು ಇದ್ದ ಹಾಗೆ.

ಗೌಂಡಿಗಳಿಗೆ ದಿನದ ಕೂಲಿ ಹೋಗುವ ಚಿಂತೆ. ನೀರು ಎತ್ತಿ ಹಾಕಿ ಕೆಸರಿನ ಮೇಲೆಯೇ ಕಾಂಕ್ರೀಟ್ ಸುರಿಯೋಣ ಅಂದರು. ಇಂಜಿನಿಯರ್ ಬಿಡಲಿಲ್ಲ. ಕಬ್ಬಿಣ ಮೇಲೆತ್ತಿಸಿ, ಕೆಸರನ್ನು ಬುಟ್ಟಿಯಲ್ಲಿ ಹೊರಗೆ ಹಾಕಿಸಿ, ಮತ್ತೆ ಹಳದಿ ಗರಸು ಕಂಡ ಮೇಲೆಯೇ ಬೆಡ್ ಕಾಂಕ್ರೀಟ್ (ತಳಕ್ಕೆ ಹಾಸುವ ತೆಳು ಕಾಂಕ್ರೀಟ್) ಹಾಕಿಸಿದರು. ಅದರ ಮೇಲೆ ಸಿಮೆಂಟಿನ ಸಣ್ಣ ಸಣ್ಣ ಕವರ್ ಬ್ಲಾಕ್ ಇಟ್ಟು, ಜಾಳಿಗೆಯನ್ನು 2 ಇಂಚು ಎತ್ತರಕ್ಕೆ ಕೂರಿಸಿದರು. ಮೂರು ದಿನ ಹೆಚ್ಚಿಗೆ ಹೋಯಿತು, ಕೂಲಿ ನಾವೇ ಕೊಟ್ಟೆವು. ಹಿರಿಯ ಗೌಂಡಿ ಕೊನೆಗೆ ನನ್ನ ಹತ್ತಿರ ಬಂದು "ಛಲೋ ಆತ್ರಿ ಅಕ್ಕಾರ, ಇಲ್ಲಂದ್ರ ನಂಗೂ ಮನಸ್ಸಿಗೆ ಸಮಾಧಾನ ಇರತಿದ್ದಿಲ್ಲ" ಅಂದರು. ಅವರ ಮೇಲೆ ನನಗೆ ಗೌರವ ಬಂದಿದ್ದು ಅವತ್ತು.

ಇನ್ನೊಂದು ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪ್ಲಿಂತ್ ಬೀಮ್, ಅಂದರೆ ಗೋಡೆಗಳ ಬುಡದಲ್ಲಿ ಕಾಲಂಗಳನ್ನು ಜೋಡಿಸುವ ಅಡ್ಡ ತೊಲೆ, ನೇರವಾಗಿ ಎರೆ ಮಣ್ಣಿನ ಮೇಲೆ ಕೂರಬಾರದು. ಕಾಲಂ ಎಷ್ಟೇ ಆಳಕ್ಕೆ ಹೋಗಿದ್ದರೂ ಮಳೆಗಾಲದಲ್ಲಿ ಮಣ್ಣು ಉಬ್ಬಿ ಬೀಮನ್ನು ಕೆಳಗಿನಿಂದ ಒತ್ತುತ್ತದೆ. ಅದಕ್ಕೆ ಬೀಮಿನ ಅಡಿ ಸುಮಾರು 3 ಇಂಚು ಜಾಗ ಬಿಡಬೇಕು. ನಮ್ಮಲ್ಲಿ ಮಣ್ಣನ್ನು ಸಮ ಮಾಡಿ, ಬೀಮಿನ ಅಗಲಕ್ಕೆ ಥರ್ಮಾಕೋಲ್ ಹಾಳೆ ಕತ್ತರಿಸಿ ಹಾಸಿದರು. ಅದರ ಮೇಲೆ ಕಬ್ಬಿಣ, ಆಮೇಲೆ ಕಾಂಕ್ರೀಟ್. ಮಣ್ಣು ಎದ್ದರೆ ಥರ್ಮಾಕೋಲ್ ಕುಗ್ಗುತ್ತದೆ, ಬೀಮಿಗೆ ಏಟು ಬೀಳುವುದಿಲ್ಲ. ಹೊರಗಿನ ಮಣ್ಣು ಆ ಸಂದಿಗೆ ಜಾರದಂತೆ ಬದಿಗೆ ಕಲ್ಲು ಜೋಡಿಸಿದರು. ಬೀದಿಯಲ್ಲಿ ಹೋಗುವವರು ನಿಂತು, ಮನೆಗೆ ಥರ್ಮಾಕೋಲ್ ಯಾಕೆ ಅಂತ ಕೇಳುತ್ತಿದ್ದರು. ಅತ್ತೆ ಬೇಸರವಿಲ್ಲದೆ ಎಲ್ಲರಿಗೂ ಹೇಳುತ್ತಿದ್ದರು.

ಮನೆಯೊಳಗಿನ ನೆಲಕ್ಕೂ ಅಷ್ಟೇ. ಕೆಳಗೆ ಎರೆ ಇದ್ದರೆ ಟೈಲ್ಸ್ ನಡುವೆ ಎದ್ದು ಬರುತ್ತವೆ. ನಾವು ಮೂರು ಅಡಿ ಕಪ್ಪು ಮಣ್ಣು ತೆಗೆಸಿ ಗರಸು ತುಂಬಿಸಿದೆವು. ಒಂದೇ ಸಲ ಟಿಪ್ಪರ್‌ನಿಂದ ಸುರಿದು ಮೇಲೆ ಸಮ ಮಾಡುವುದಲ್ಲ. ಅರ್ಧ ಅಡಿ ಹಾಕುವುದು, ನೀರು ಹೊಡೆಯುವುದು, ದಮ್ಮಸು ಮಾಡುವುದು, ಮತ್ತೆ ಅರ್ಧ ಅಡಿ. ತೆಗೆದ ಎರೆ ಮಣ್ಣನ್ನು ಪರಿಚಯದ ರೈತರೊಬ್ಬರು ಟ್ರ್ಯಾಕ್ಟರ್ ತಂದು ಖುಷಿಯಿಂದ ಹೊಲಕ್ಕೆ ಒಯ್ದರು.

ನೀರಿನ ವಿಷಯ. ಹುಬ್ಬಳ್ಳಿಗೆ ಮಲಪ್ರಭೆಯ ನೀರು ಬರುತ್ತದೆ, ಆದರೆ ನಮ್ಮ ಬಡಾವಣೆಯಲ್ಲಿ ಆಗ ನಲ್ಲಿ ತಿರುಗಿಸಿದ ಕೂಡಲೇ ನೀರು ಸಿಗುವ ಮಾತೇ ಇರಲಿಲ್ಲ. ಅದಕ್ಕೆ ಪಾಯದ ಜೊತೆಗೇ ನೆಲದ ಟಾಕಿ ಕಟ್ಟಿಸಿಬಿಟ್ಟೆವು, 10,000 ಲೀಟರಿನದು. ಮನೆ ಮುಗಿದ ಮೇಲೆ ಟಾಕಿ ಕಟ್ಟಿಸೋಣ ಅನ್ನುವವರಿಗೆ ನನ್ನದೊಂದು ಕಳಕಳಿಯ ಮಾತು: ಮೊದಲೇ ಕಟ್ಟಿಸಿ. ನಲ್ಲಿ ನೀರು ಬಂದ ದಿನ ತುಂಬಿಕೊಳ್ಳಬಹುದು, ಇಲ್ಲದಿದ್ದರೆ ಟ್ಯಾಂಕರ್ ತರಿಸಿ ಹಾಕಿಸಬಹುದು. ಕಾಲಂಗಳಿಗೆ ಗೋಣಿ ಚೀಲ ಸುತ್ತಿ ನೀರು ಹೊಡೆಯುವ ಕೆಲಸ ಒಂದು ದಿನವೂ ತಪ್ಪಲಿಲ್ಲ ಅಂದರೆ ಅದಕ್ಕೆ ಆ ಟಾಕಿಯೇ ಕಾರಣ.

ಗೋಡೆಗೆ ಇಟ್ಟಂಗಿ, ಕಾಂಕ್ರೀಟಿಗೆ ಎಂ ಸ್ಯಾಂಡ್, ಗಿಲಾಯಿಗೆ (ಪ್ಲಾಸ್ಟರಿಗೆ) ಮಾತ್ರ ಹೊಳೆ ಉಸುಕು. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಸ್ಲ್ಯಾಬ್ ಹಾಕಿದ ದಿನ ಮಾತ್ರ ಮರೆಯುವುದಿಲ್ಲ. ಬೆಳಿಗ್ಗೆ ಐದಕ್ಕೇ ಅತ್ತೆ ಶಿರಾ, ಉಪ್ಪಿಟ್ಟು ಮಾಡಿ ಡಬರಿಯಲ್ಲಿ ತುಂಬಿಸಿಕೊಂಡು ಬಂದಿದ್ದರು. ಮಿಕ್ಸರ್‌ಗೆ ಹೂ ಏರಿಸಿ ಕಾಯಿ ಒಡೆದೆವು. ನನಗೆ ಇಂಜಿನಿಯರ್ ಒಂದೇ ಕೆಲಸ ಕೊಟ್ಟಿದ್ದರು, ಮಿಕ್ಸರ್ ಪಕ್ಕ ನಿಂತು ನೀರು ಎಣಿಸುವುದು. 50 ಕೆಜಿಯ ಒಂದು ಚೀಲ ಸಿಮೆಂಟಿಗೆ 25ರಿಂದ 27 ಲೀಟರ್, ಅಷ್ಟೇ. ಬಕೆಟ್ಟಿಗೆ ಒಳಗಡೆ ಬಣ್ಣದಿಂದ ಗೆರೆ ಎಳೆದಿದ್ದೆ. ಮಧ್ಯಾಹ್ನ ಬಿಸಿಲೇರಿದಾಗ ಮಾಲು ಗಟ್ಟಿ ಆಯಿತು, ಇನ್ನೊಂದು ಬಕೆಟ್ ಬಿಡ್ರಿ ಅಕ್ಕಾರ ಅಂತ ಮೇಲಿನಿಂದ ಕೂಗು. ನೀರು ಹೆಚ್ಚಾದರೆ ಸುರಿಯಲು ಸಲೀಸು, ಆದರೆ ಆ ಹೆಚ್ಚಿನ ನೀರು ಆರಿ ಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿದು ಸ್ಲ್ಯಾಬ್ ಸೋರುತ್ತದೆ. ನಾನು ಬಿಡಲಿಲ್ಲ. ವೈಬ್ರೇಟರ್ ಹಿಡಿದ ಹುಡುಗನಿಗೆ ಇನ್ನಷ್ಟು ಕಷ್ಟವಾಯಿತು, ನಿಜ. ಸಂಜೆ ಅವನ ಕೈಗೆ ಬೇರೆಯಾಗಿ ನೂರು ರೂಪಾಯಿ ಕೊಟ್ಟೆ.

ಮರುದಿನ ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದೆವು. ಆ ಜವಾಬ್ದಾರಿ ಅತ್ತೆಯದು. ಹೊಲಕ್ಕೆ ನೀರು ಹಾಯಿಸಿದ ಕೈ ಅದು. ಬೆಳಿಗ್ಗೆ, ಸಂಜೆ ಏಣಿ ಹತ್ತಿ ಯಾವ ಪಾತಿಯಲ್ಲಿ ನೀರು ಇಂಗಿದೆ ಅಂತ ಬೆರಳಿಟ್ಟು ನೋಡುತ್ತಿದ್ದರು. ಏಣಿ ಹತ್ತಬೇಡಿ ಅಂದರೆ ಕೇಳುತ್ತಿರಲಿಲ್ಲ. ಸೆಂಟ್ರಿಂಗ್‌ನವರು (ಸ್ಲ್ಯಾಬ್ ಗಟ್ಟಿಯಾಗುವ ತನಕ ಕೆಳಗೆ ಹಲಗೆ, ಆಸರೆ ಕೊಡುವವರು) ಒಂಬತ್ತನೇ ದಿನ ಬಂದು, ಬೇರೆ ಕಡೆ ಕೆಲಸ ಇದೆ, ಬಿಚ್ಚುತ್ತೇವೆ ಅಂದಾಗ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೂ ಅವರೇ. ಇಂಜಿನಿಯರ್ ಹೇಳಿದ ಲೆಕ್ಕ ಬೀಮುಗಳ ಕೆಳಗೆ 14 ದಿನ. ಹದಿನೈದನೇ ದಿನವೇ ಬಿಚ್ಚಿದರು.

2023ರ ಫೆಬ್ರುವರಿಯಲ್ಲಿ ವಾಸ್ತುಶಾಂತಿ ಆಯಿತು. ಹೋಳಿಗೆ ಊಟ, ಎರಡೂ ಕಡೆಯ ನೆಂಟರು. ಬಂದ ಗೌಂಡಿಗಳಿಗೆಲ್ಲ ಅತ್ತೆ ತಾವೇ ಟವೆಲ್, ಟೋಪಿ ಕೊಟ್ಟರು.

ಈಗ ಮನೆಯೊಳಗೆ ಎಲ್ಲೂ ಬಿರುಕಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಕಿಟಕಿ ಮೂಲೆಗಳನ್ನು ಒಂದೊಂದಾಗಿ ನೋಡುವುದು ನನಗೆ ರೂಢಿಯಾಗಿದೆ. ಮನೆ ಸುತ್ತ ಮೂರು ಅಡಿ ಅಗಲ ಕಾಂಕ್ರೀಟ್ ಹಾಕಿಸಿ ಹೊರಗೆ ಇಳಿಜಾರು ಕೊಟ್ಟಿದ್ದೇವೆ, ಮಾಳಿಗೆಯ ನೀರು ಪಾಯದ ಬುಡಕ್ಕೆ ಇಳಿಯಬಾರದು ಅಂತ. ಬಚ್ಚಲ ಪೈಪಿನ ಜಾಯಿಂಟ್ ಒಂದು ಸಲ ಸೋರಿತು, ಅವತ್ತೇ ರಿಪೇರಿ ಮಾಡಿಸಿದೆವು. ಎರೆ ನೆಲದಲ್ಲಿ ಒಂದೇ ಕಡೆ ನೀರು ಕುಡಿದರೆ ಆ ಮೂಲೆ ಮಾತ್ರ ಏಳುತ್ತದೆ.

ಕಾಂಪೌಂಡ್ ಗೋಡೆ ಮಾತ್ರ ಬಿರಿದಿದೆ. ಅಷ್ಟೊತ್ತಿಗೆ ದುಡ್ಡು ಮುಗಿದಿತ್ತು. ಇಂಜಿನಿಯರ್‌ಗೆ ಕೇಳದೆ ಎರಡು ಅಡಿ ಪಾಯ ತೆಗೆದು ಕಟ್ಟಿಸಿದೆವು. ಎರಡನೇ ಬೇಸಿಗೆಗೇ ಗೇಟಿನ ಪಕ್ಕ ಮೇಲಿಂದ ಕೆಳತನಕ ಸೀಳಿತು, ಗೇಟಿನ ಚಿಲಕ ಈಗ ಅರ್ಧ ಇಂಚು ಕೆಳಗಾಗಿದೆ. ಮೊನ್ನೆ ಇಂಜಿನಿಯರ್ ಬಂದು ನೋಡಿದರು. 8 ಅಡಿಗೊಂದು ಗುಂಡಿ ತೋಡಿ ಗರಸಿನ ತನಕ ಸಣ್ಣ ಕಂಬ, ಅದರ ಮೇಲೆ ಬೀಮ್, ಅಡಿಯಲ್ಲಿ ಮತ್ತೆ ಅದೇ 3 ಇಂಚು ಜಾಗ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಈ ಸಲ ಜನವರಿಯಲ್ಲೇ ಶುರು ಮಾಡುತ್ತೇವೆ. ಥರ್ಮಾಕೋಲ್ ಹಾಳೆಗೆ ಅತ್ತೆ ಈಗಲೇ ಅಂಗಡಿಯಲ್ಲಿ ರೇಟು ಕೇಳಿಕೊಂಡು ಬಂದಿದ್ದಾರೆ.