ಯಕ್ಷಗಾನಕ್ಕೆ ಚಿಕ್ಕ ಕ್ಯಾಮೆರಾ ಒಯ್ಯುವವರಿಗೆ

ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ವಿಡಿಯೊ ಚೆನ್ನಾಗಿಯೇ ಬರುತ್ತದೆ, ಕೈಕೊಡುವುದು ಆಡಿಯೊ. ಮೈಕಿನ ವಾಲ್ಯೂಮ್ ತಾನಾಗಿಯೇ ಏರಿಳಿಯುತ್ತದೆ. ಚೆಂಡೆ ಜೋರಾದ ಕೂಡಲೇ ಭಾಗವತರ ದನಿ ಮುಳುಗುತ್ತದೆ. ಬೇರೆ ಮೈಕ್ ಸಿಕ್ಕಿಸೋಣ ಅಂದರೆ ಹೆಚ್ಚಿನವುಗಳಲ್ಲಿ ಸಾಕೆಟ್ಟೇ ಇಲ್ಲ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಚೆಂಡೆಯಿಂದ ದೂರ, ಭಾಗವತರ ಕಡೆ ಇಟ್ಟು ಆಡಿಯೊ ಅದರಲ್ಲೇ ರೆಕಾರ್ಡ್ ಮಾಡಿ. ಮೇಳದವರನ್ನು ಕೇಳಿ ಇಡಿ, ಸುಮ್ನೆ ಇಡಬೇಡಿ! ಆಮೇಲೆ ಎಡಿಟಿಂಗ್‌ನಲ್ಲಿ ವಿಡಿಯೊ, ಮೊಬೈಲಿನ ಆಡಿಯೊ ಎರಡನ್ನೂ ಹೊಂದಿಸಲು ಗುರುತಿಗೆಂದು ಚಪ್ಪಾಳೆ ತಟ್ಟಬೇಕಿಲ್ಲ, ಚೆಂಡೆಯ ಒಂದು ಪೆಟ್ಟು ಸಾಕು. ಕ್ಯಾಮೆರಾದ ಆಡಿಯೊ ಆಫ್ ಮಾಡಬೇಡಿ, ಹೊಂದಿಸಲು ಅದೂ ಬೇಕು.

ಬಹಳಷ್ಟು ಹಳೆ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ. ಕೆಟ್ಟಿದ್ದಲ್ಲ, ಇರುವುದೇ ಹಾಗೆ. ಅದಕ್ಕೂ ಮೊದಲೇ, ಪದ್ಯ ಮುಗಿದ ಹೊತ್ತು ನೋಡಿ ನೀವೇ ನಿಲ್ಲಿಸಿ ಮತ್ತೆ ಶುರು ಮಾಡಿ.