ಬದುವಿಗೆ ಗೊಬ್ಬರದ ಗಿಡ: ಗೂಟ ನೆಡುವುದು, ಸೊಪ್ಪು ಸವರುವುದು

ಮಧ್ಯ ಅಮೆರಿಕದಲ್ಲಿ ಕೋಕೋ ತೋಟಕ್ಕೆ ನೆರಳು ಕೊಡುತ್ತಿದ್ದ ಗ್ಲಿರಿಸಿಡಿಯಾ ನಮ್ಮಲ್ಲಿ ಬದುವಿನ ಗೊಬ್ಬರದ ಗಿಡ. ನೆಡುವುದು ಸುಲಭ ಅನ್ನುತ್ತಾರೆ. ಹೆಚ್ಚು ಗೂಟ ಸಾಯುವುದೂ ಆ ಸಸಾರದಿಂದಲೇ.

ಆರು ತಿಂಗಳು ದಾಟಿದ, ತೊಗಟೆ ಬೂದುಗಂದಾಗಿ ಬಿಳಿ ಚುಕ್ಕೆ ಮೂಡಿದ ಕೊಂಬೆ ಆರಿಸಿ. ದಪ್ಪ 3–5 ಸೆಂ.ಮೀ., ಉದ್ದ 3–4 ಅಡಿ. ಹರಿತ ಮಚ್ಚಿನಿಂದ ಒಂದೇ ಏಟಿಗೆ ಓರೆಯಾಗಿ ಕಡಿಯಿರಿ. ತೊಗಟೆ ಸುಲಿದರೆ ಅಲ್ಲಿಂದಲೇ ಕೊಳೆಯುತ್ತದೆ. ತುದಿಯೂ ಓರೆಯಿರಲಿ, ಮಳೆನೀರು ನಿಲ್ಲಬಾರದು. ಮೃಗಶಿರಾ ಮಳೆ ಬಿದ್ದು ನೆಲ ನೆನೆದ ಮೇಲೆ ಹಾರೆಯಿಂದ ಮುಕ್ಕಾಲು ಅಡಿ ಕುಣಿ ಮಾಡಿ, ಬುಡ ಮೇಲಾಗದಂತೆ ಇಳಿಸಿ, ಮಣ್ಣು ತುಳಿದು ಬಿಗಿ ಮಾಡಿ. ಸುತ್ತಿಗೆಯಿಂದ ಬಡಿದು ಇಳಿಸಬೇಡಿ, ತಲೆ ಸೀಳುತ್ತದೆ. ಗೂಟದಿಂದ ಗೂಟಕ್ಕೆ ಒಂದೂವರೆ ಅಡಿ ಸಾಕು.

ಎರಡು ವಾರಕ್ಕೆ ಚಿಗುರು ಕಂಡರೆ ಹಿಗ್ಗಬೇಡಿ. ಅದು ಗೂಟದೊಳಗಿನ ಕೂಡಿಟ್ಟ ಆಹಾರದ ಚಿಗುರು. ಬೇರು ಇನ್ನೂ ಬಂದಿರುವುದಿಲ್ಲ. ಆಗ ಗೂಟ ಅಲ್ಲಾಡಿಸಿ ನೋಡುವ ಚಪಲ ಬೇಡ. ಗೂಟದ ಗಿಡಕ್ಕೆ ತಾಯಿಬೇರು ಇಲ್ಲದ ಕಾರಣ ತೀರಾ ಒಣ ಭೂಮಿಗೆ ಬೀಜದ ಸಸಿಯೇ ಮೇಲು. ಕಾಯಿ ಹಳದಿ ತಿರುಗಿದಾಗ ಕೊಯ್ಯಿರಿ, ಬಿಸಿಲಲ್ಲಿ ಸಿಡಿದರೆ ಬೀಜ ಸಿಗುವುದಿಲ್ಲ. ರಾತ್ರಿ ನೆನೆಸಿ 2 ಸೆಂ.ಮೀ. ಆಳಕ್ಕೆ ಹಾಕಿ.

ಮೊದಲ ವರ್ಷ ಸವರಬೇಡಿ. ಆಮೇಲೆ ನೆಲದಿಂದ ಎರಡೂವರೆ–ಮೂರು ಅಡಿ ಬಿಟ್ಟು ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಕೊನೆಯ ಕಟಾವು ಚಳಿಗಾಲದ ಹೂವಿಗೆ ಮೊದಲು ಮುಗಿಯಲಿ. ಹೂ ಬಂದ ಹೊತ್ತಿಗೆ ಎಲೆ ಉದುರಿರುತ್ತದೆ.

ಒಂದು ಟನ್ ಹಸಿ ಸೊಪ್ಪು ಒಣಗಿದರೆ ಸುಮಾರು 200–250 ಕೆ.ಜಿ.; ಅದರಲ್ಲಿ ಸಾರಜನಕ ಶೇ. 3ರ ಆಸುಪಾಸು, ಅಂದರೆ 6–7 ಕೆ.ಜಿ. ಲೆಕ್ಕ ಹಾಕಿದರೆ ಮೂರು ಟನ್ ಸೊಪ್ಪಿನ ಸಾರಜನಕ 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿರುವ ಸಾರಜನಕಕ್ಕೆ ಸಮ. ಗದ್ದೆಗಾದರೆ ನಾಟಿಗೆ 10–15 ದಿನ ಮೊದಲೇ ತುಳಿಯಿರಿ. ಹಿಂದಿನ ದಿನ ತುಳಿದರೆ ಕೊಳೆಯುವ ಸೊಪ್ಪು ಬೇರಿಗೆ ಉಸಿರು ಕಟ್ಟಿಸಿ ಪೈರು ಹಳದಿಯಾಗುತ್ತದೆ. ಬಲಿತ ಕಡ್ಡಿ ಸೌದೆಗೆ ಹೋಗಲಿ. ಮಣ್ಣಿಗೆ ಸೇರಿದರೆ ಅದು ಕೊಳೆಯಲು ಇದ್ದ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ದನ, ಆಡು ಹಸಿ ಸೊಪ್ಪಿನ ವಾಸನೆಗೆ ಮೂಗು ತಿರುಗಿಸುತ್ತವೆ. ಒಂದು ದಿನ ಬಾಡಿಸಿ, ಹುಲ್ಲಿನ ಜೊತೆ ಮೇವಿನ ಕಾಲು ಭಾಗದಷ್ಟು ಬೆರೆಸಿ ರೂಢಿ ಮಾಡಿಸಿ. ಕುದುರೆ, ಹಂದಿ, ಕೋಳಿಗೆ ಹಾಕಬೇಡಿ, ಅವಕ್ಕೆ ವಿಷ.